ಮಾಡದ ತಪ್ಪಿಗೆ ಕ್ಷಮೆ ಕೇಳಬಹುದೆ?



ಮನೆ ಭೇಟಿಗೆ ಹೋದಾಗ ಜನರು ಗುರುಗಳಿಂದ ಆಶೀರ್ವಾದ ಕೇಳುತ್ತಾರೆ, ಹಾಸಿಗೆ ಹಿಡಿದವರಿಗಾಗಿ ಪ್ರಾರ್ಥನೆ ಕೇಳುತ್ತಾರೆ. ನನ್ನನ್ನು ಇದರ ಜೊತೆಗೆ ಇನ್ನೊಂದನ್ನೂ ಕೇಳುವುದುಂಟು: “ಫಾದರ್, ಈ ರೇಡಿಯೋ ಒಂಚೂರು ನೋಡ್ತೀರಾ?” ಬೆಂಗಳೂರಿನ ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ಪ್ರಾರ್ಥನಾಲಯದ ಮೈಕು ಕೆಟ್ಟರೆ ಸರಿಪಡಿಸುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿತ್ತು. ಅಂದು ಕೈಗೆ ಬಂದ ಸಾಲ್ಡರಿಂಗ್ ಕಡ್ಡಿ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಪ್ರಬೋಧನೆಗಿಂತ ಇದರಲ್ಲೇ ನಾನು ಹೆಚ್ಚು ಉಪಯೋಗಕ್ಕೆ ಬಿದ್ದಿದ್ದೇನೆ ಎಂದು ಹಾಸ್ಯ ಮಾಡುವ ವಿಶ್ವಾಸಿಗಳೂ ಇದ್ದಾರೆ.

ಈ ವಾರ ಅಂತಹ ಒಂದು ರಿಪೇರಿಯ ಬಗ್ಗೆ ಬರೆಯುತ್ತಿದ್ದೇನೆ. ಬರೆಯುವುದು ನನಗೆ ಸುಲಭವಲ್ಲ, ಏಕೆಂದರೆ ಇದರಲ್ಲಿ ತಪ್ಪಿದವರಲ್ಲಿ ನಾನೂ ಒಬ್ಬ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಬರುವ ಯಾವ ಸಂಗತಿಯೂ ಪಾಪನಿವೇದನೆಯಲ್ಲಿ ಕೇಳಿದ್ದಲ್ಲ. ಗುರುನಿವಾಸದ ಜಗಲಿಯಲ್ಲಿ, ಅವರ ಮನೆಯ ಪಡಸಾಲೆಯಲ್ಲಿ ನಡೆದದ್ದು. ಆ ಮನೆಯ ಅತ್ತೆ ಸೊಸೆ ಇಬ್ಬರೂ ಬರೆಯಲು ಒಪ್ಪಿದ್ದಾರೆ. ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಮಲ್ಲಂದೂರಿನಿಂದ ಮುತ್ತೋಡಿ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ, ಒಳಗೆ ಸ್ವಲ್ಪ ದೂರ ನಡೆದರೆ ಒಂದು ಸಣ್ಣ ಕಾಫಿ ತೋಟದ ಮನೆ. ಮನೆಯ ಯಜಮಾನರು ಈಗಿಲ್ಲ. 1978ರಲ್ಲಿ ಅವರು ಬೆಂಗಳೂರಿನಿಂದ ಒಂದು ಸ್ಟೀರಿಯೋ ತಂದಿದ್ದರು. ನಮ್ಮ ಹಿರಿಯ ಬೆಳೆಗಾರರಿಗೆ ಆ ಕಾಲ ನೆನಪಿರಬಹುದು. 1942ರ ಕಾಯಿದೆಯಂತೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಕೊಡಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. 1975ರ ಜುಲೈಯಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದ ಮೇಲೆ ಲೋಕದಲ್ಲೆಲ್ಲ ಕಾಫಿಯ ಬೆಲೆ ಏರಿತು. ಅದರ ನಂತರ ಬಂದ ಒಂದು ಕಂತಿನಲ್ಲಿ ಅವರು ಈ ಆಸೆಯನ್ನು ತೀರಿಸಿಕೊಂಡರಂತೆ. ತೇಗದ ಬಣ್ಣದ ಎರಡು ಸ್ಪೀಕರ್ ಪೆಟ್ಟಿಗೆಗಳು, ಮುಂದೆ ಕಂದು ಬಟ್ಟೆ. ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮನೆ ಮಂದಿಯೆಲ್ಲ ಅದರ ಮುಂದೆ ಕೂರುತ್ತಿದ್ದರು. ಅವರು ತೀರಿಹೋದ ಮೇಲೂ ಹಿರಿಯಮ್ಮ ಪ್ರತಿ ಭಾನುವಾರ ಒಂದು ರೆಕಾರ್ಡು ಹಾಕುವುದನ್ನು ಬಿಟ್ಟಿರಲಿಲ್ಲ.

2020ರ ಡಿಸೆಂಬರಿನಲ್ಲಿ ಎಡಗಡೆಯ ಪೆಟ್ಟಿಗೆ ನಿಂತುಹೋಯಿತು. ಆ ದಿನಗಳು ಹೇಗಿರುತ್ತವೆ ಎಂದು ನಿಮಗೆ ಗೊತ್ತು. ಕಣದಲ್ಲಿ ಕಾಫಿ ಹರಡಿರುತ್ತದೆ, ಆಳುಗಳ ಲೆಕ್ಕ, ಮನೆಯೊಳಗೆ ಕ್ರಿಸ್ತಜಯಂತಿಯ ತಯಾರಿ. ಸೊಸೆ ಬೆಳಗ್ಗೆ ಪಡಸಾಲೆ ಗುಡಿಸಿ, ಪೆಟ್ಟಿಗೆಯನ್ನು ಸರಿಸಿ, ಹಿಂದಿನ ಧೂಳು ಒರೆಸಿ ಮತ್ತೆ ಅಲ್ಲೇ ಇಟ್ಟಳು. ಸಂಜೆ ಅತ್ತೆ ರೆಕಾರ್ಡು ಹಾಕಿದರೆ ಎಡಗಡೆ ಸದ್ದೇ ಇಲ್ಲ. “ಬೀಳಿಸಿದ್ದೀಯಾ” ಎಂದು ಅತ್ತೆ. “ಇಲ್ಲ, ಸರಿಸಿದ್ದು ಅಷ್ಟೆ” ಎಂದು ಸೊಸೆ. ಪೆಟ್ಟಿಗೆಯನ್ನು ಪೇಟೆಯ ಅಂಗಡಿಯೊಂದಕ್ಕೆ ಒಯ್ದರು. ಅಲ್ಲಿಯವರು ಹೊರಗಿನ ಎರಡು ತಿರುಪುಗಳಿಗೆ ಮೀಟರ್ ಹಿಡಿದು “ಕಾಯಿಲ್ ಸುಟ್ಟಿದೆ, ಈ ಮಾಲು ಈಗ ಸಿಗುವುದಿಲ್ಲ” ಎಂದು ಹೇಳಿ ಕಳಿಸಿದರು. ಪೆಟ್ಟಿಗೆ ಅಟ್ಟ ಸೇರಿತು. ಮಾತು ಮಾತ್ರ ಅಟ್ಟ ಸೇರಲಿಲ್ಲ. ಬಂದ ನೆಂಟರಿಗೆಲ್ಲ ಅತ್ತೆ ಹೇಳಿದರು: ಅವರು ಇದ್ದಾಗಿನಿಂದ ಜೋಪಾನ ಮಾಡಿದ್ದ ವಸ್ತು, ಒಂದು ದಿನದಲ್ಲಿ ಹಾಳಾಯಿತು.

ಮುಂದಿನ ತಪಸ್ಸುಕಾಲದಲ್ಲಿ ಸೊಸೆ ನನ್ನ ಬಳಿಗೆ ಬಂದಳು. ಮನೆಯಲ್ಲಿ ಮಾತುಕತೆ ಕಡಿಮೆಯಾಗಿದೆ, ಗಂಡ ಇಬ್ಬರ ನಡುವೆ ಸಿಕ್ಕಿಕೊಂಡಿದ್ದಾನೆ ಎಂದಳು. ನಾನು ಕೊಟ್ಟ ಸಲಹೆ ಇದು: “ನೋಡಮ್ಮ, ಹಿರಿಯರು, ಗಂಡನನ್ನು ಕಳೆದುಕೊಂಡವರು. ನೀನೇ ಒಂದು ಮಾತು ‘ನನ್ನಿಂದ ತಪ್ಪಾಯಿತು’ ಎಂದುಬಿಡು. ನಿನ್ನದೇನು ಹೋಗುತ್ತದೆ? ಮನೆಗೆ ಸಮಾಧಾನ ಬರುತ್ತದೆ.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ “ಆಗಲಿ ಫಾದರ್” ಎಂದು ಎದ್ದುಹೋದಳು. ಪಾಸ್ಖ ಹಬ್ಬದ ದಿನ ನೆಂಟರಿಷ್ಟರ ಮುಂದೆಯೇ ಅತ್ತೆಯ ಕಾಲು ಮುಟ್ಟಿ ಕ್ಷಮೆ ಕೇಳಿದಳು. ಅತ್ತೆ ಕ್ಷಮಿಸಿದರು. ನಾನು ಆ ಮನೆಯ ವಿಷಯ ಮುಗಿಯಿತೆಂದು ಸಂತೋಷಪಟ್ಟೆ.

ಮೂರು ವರ್ಷ ಕಳೆಯಿತು. 2024ರ ಜುಲೈಯಲ್ಲಿ ಅವರ ಮನೆಗೆ ಹೋಗಿದ್ದಾಗ ಮಳೆ ಹಿಡಿದುಕೊಂಡು ಹೊರಡಲಾಗಲಿಲ್ಲ. ಮಾತಿನ ನಡುವೆ ಮಗ ಅಟ್ಟದಿಂದ ಪೆಟ್ಟಿಗೆ ಇಳಿಸಿ, “ಎಸೆಯುವ ಮೊದಲು ಒಮ್ಮೆ ನೋಡಿ ಫಾದರ್” ಎಂದ. ಮೆಣಸಿನ ಚೀಲಗಳ ನಡುವೆ ಇದ್ದದ್ದರಿಂದ ಬೂಷ್ಟು ಹಿಡಿದಿತ್ತು, ಆದರೆ ಮರ ಗಟ್ಟಿಯಾಗಿತ್ತು. ನಾನು ಬೈಕಿನ ಚೀಲದಲ್ಲಿ ಸಾಮಾನು ಇಟ್ಟುಕೊಂಡೇ ತಿರುಗುವವನು.

ಹಿಂದಿನ ಹಲಗೆಗೆ ಎಂಟು ಸ್ಕ್ರೂ. ಬಿಚ್ಚುವಾಗಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಸ್ಕ್ರೂಗಳ ತಲೆಯ ಗೀರು ಸವೆದಿತ್ತು, ಅಂದರೆ ಯಾರೋ ಮೊದಲೇ ಒಮ್ಮೆ ಇದನ್ನು ಬಿಚ್ಚಿದ್ದರು. ಹಲಗೆ ತೆಗೆದು, ಒಳಗಿನ ಹತ್ತಿ ಸರಿಸಿ, ದೊಡ್ಡ ಸ್ಪೀಕರಿನ ಎರಡು ಕಾಲುಗಳಿಗೆ ನೇರವಾಗಿ ಮೀಟರ್ ಹಿಡಿದೆ. ಆರೂವರೆ ಓಮ್ ತೋರಿಸಿತು. ಎಂಟು ಓಮಿನ ಸ್ಪೀಕರಿಗೆ ಅದು ಸರಿಯಾದ ಲೆಕ್ಕ. ಒಂದೂವರೆ ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ತಾಗಿಸಿದರೆ ಕಾಗದದ ಕೋನ್ “ಟಪ್” ಎಂದು ಅಲುಗಿತು. ಕಾಯಿಲ್ ಸುಟ್ಟೇ ಇರಲಿಲ್ಲ. ಹಾಗಾದರೆ ಅಂಗಡಿಯ ಮೀಟರ್ ಸುಳ್ಳು ಹೇಳಿತೆ? ಇಲ್ಲ. ಹೊರಗಿನ ತಿರುಪಿನಿಂದ ಸ್ಪೀಕರಿಗೆ ಹೋಗುವ ತಂತಿ ನಡುವೆ ಎಲ್ಲೋ ಬಿಟ್ಟುಹೋಗಿದ್ದರೂ ಮೀಟರ್ ಅದನ್ನೇ ತೋರಿಸುತ್ತದೆ, ಕಾಯಿಲ್ ಸುಟ್ಟಿದ್ದರೂ ಅದನ್ನೇ ತೋರಿಸುತ್ತದೆ. ಹೊರಗೆ ನಿಂತು ಅಳೆಯುವವನಿಗೆ ಎರಡೂ ಒಂದೇ. ಒಂದು ಸಾವು, ಇನ್ನೊಂದು ಹತ್ತು ನಿಮಿಷದ ಕೆಲಸ. ಪೆಟ್ಟಿಗೆ ತೆರೆಯದೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ.

ತಂತಿಯನ್ನು ಕೈಯಲ್ಲಿ ಹಿಡಿದು ಹಿಂಬಾಲಿಸಿದೆ. ತಿರುಪಿನ ಹತ್ತಿರ ಒಂದು ಗಂಟು. ಕಾರ್ಖಾನೆಯ ಬೆಸುಗೆ ಯಾವಾಗಲೋ ಬಿಟ್ಟಿದ್ದು, ಯಾರೋ ಒಂದು ತುಂಡು ತಂತಿ ಸೇರಿಸಿ, ಬೆರಳಿನಿಂದ ಹುರಿ ಮಾಡಿ, ಮೇಲೆ ಪಟ್ಟಿ ಸುತ್ತಿದ್ದರು. ಪಟ್ಟಿಯ ಅಂಟು ಒಣಗಿ ಪುಡಿಯಾಗಿತ್ತು. ಮಲೆನಾಡಿನ ಎಷ್ಟೋ ಮಳೆಗಾಲಗಳ ತೇವ ಕುಡಿದು ತಾಮ್ರಕ್ಕೆ ಹಸಿರು ಕಿಲುಬು ಹತ್ತಿತ್ತು. ಹುರಿ ಬಿಚ್ಚಿ ಎರಡು ತುದಿಗಳೂ ಬೇರೆಬೇರೆ ನೇತಾಡುತ್ತಿದ್ದವು. ಆ ಪಟ್ಟಿ ಎಲೆಕ್ಟ್ರಿಕ್ ಕೆಲಸದ್ದಲ್ಲ. ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರು.

ಅತ್ತೆ ಬಗ್ಗಿ ನೋಡಿದರು. “ಇದು ಅವರೇ ಸುತ್ತಿದ್ದು” ಎಂದರು. ಯಜಮಾನರಿಗೆ ಎಲ್ಲದಕ್ಕೂ ಆ ಪ್ಲಾಸ್ಟರೇ ಬೇಕಿತ್ತಂತೆ. ಛತ್ರಿಯ ಹಿಡಿಗೂ ಅದೇ, ಕನ್ನಡಕದ ಕಾಲಿಗೂ ಅದೇ. ಆಮೇಲೆ ಯಾರೂ ಏನೂ ಹೇಳಲಿಲ್ಲ. ನಾನು ಸಾಲ್ಡರಿಂಗ್ ಕಡ್ಡಿ ಕಾಯಿಸಲು ಇಟ್ಟೆ. ಅದು ಕಾಯುವಷ್ಟರಲ್ಲಿ ಕರೆಂಟು ಹೋಯಿತು. ಜುಲೈ ತಿಂಗಳು, ಅದರಲ್ಲೇನೂ ವಿಶೇಷವಿಲ್ಲ. ಮುಕ್ಕಾಲು ಗಂಟೆ ನಾವು ನಾಲ್ವರೂ ತೆರೆದ ಪೆಟ್ಟಿಗೆಯ ಸುತ್ತ ಅರೆಗತ್ತಲೆಯಲ್ಲಿ ಕೂತಿದ್ದೆವು.

ಸೊಸೆಗೆ ಸಂತೋಷವಾಗಬಹುದೆಂದು ನಾನು ಎಣಿಸಿದ್ದೆ. ಆಗಲಿಲ್ಲ. ಅವಳು ಅತ್ತೆಯನ್ನು ನೋಡಲೂ ಇಲ್ಲ, ನನ್ನನ್ನು ನೋಡಿದಳು. “ಫಾದರ್, ಅವತ್ತು ನೀವು ಬೀಳಿಸಿದ್ದು ಹೌದಾ ಅಲ್ಲವಾ ಎಂದು ಒಂದು ಮಾತು ನನ್ನನ್ನು ಕೇಳಲೇ ಇಲ್ಲ” ಎಂದಳು.

ನಿಜ. ಕೇಳಿರಲಿಲ್ಲ.

ಪ್ರಿಯರೆ, ಅಂದಿನಿಂದ ಈ ಪ್ರಶ್ನೆಯನ್ನು ಹೊತ್ತು ತಿರುಗುತ್ತಿದ್ದೇನೆ. ಮನೆಯ ಸಮಾಧಾನಕ್ಕಾಗಿ, ಮಾಡದ ತಪ್ಪನ್ನು ಮಾಡಿದೆನೆಂದು ಒಪ್ಪಿಕೊಳ್ಳುವುದು ಸರಿಯೆ? ಹಾಗೆ ಒಪ್ಪಿಕೊಳ್ಳಿ ಎಂದು ಇನ್ನೊಬ್ಬರಿಗೆ ಹೇಳುವುದು ಸರಿಯೆ? ನಮ್ಮ ಕುಟುಂಬಗಳಲ್ಲಿ ಇದು ದಿನನಿತ್ಯ ನಡೆಯುತ್ತದೆ. ಹೆಚ್ಚಾಗಿ ಕಿರಿಯರು, ಹೆಚ್ಚಾಗಿ ಸೊಸೆಯಂದಿರು, ಹೆಚ್ಚಾಗಿ ಮನೆಯ ಕೆಲಸದವರು ಒಪ್ಪಿಕೊಳ್ಳುತ್ತಾರೆ. ಹಿರಿಯರು ಕಿರಿಯರ ಮುಂದೆ ಮಾಡದ ತಪ್ಪನ್ನು ಒಪ್ಪಿಕೊಂಡದ್ದನ್ನು ನಾನು ಇನ್ನೂ ಕಂಡಿಲ್ಲ. ಇಷ್ಟರಿಂದಲೇ ಇದು ಬರಿಯ ದೀನತೆಯ ವಿಷಯವಲ್ಲ ಎಂಬ ಅನುಮಾನ ನಮಗೆ ಬರಬೇಕಿತ್ತು.

ನನ್ನ ಸಲಹೆಯ ಪರವಾಗಿ ಹೇಳಲು ಏನೂ ಇಲ್ಲವೆಂದಲ್ಲ. ಅನ್ಯಾಯವನ್ನು ತಾಳ್ಮೆಯಿಂದ ಸಹಿಸಿಕೊಳ್ಳುವುದು ಕರುಣೆಯ ಆಧ್ಯಾತ್ಮಿಕ ಕಾರ್ಯಗಳಲ್ಲಿ ಒಂದೆಂದು ಚಿಕ್ಕಂದಿನಲ್ಲೇ ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಪಿಲಾತನ ಮುಂದೆ ಯೇಸುಸ್ವಾಮಿ ಮೌನವಾಗಿದ್ದರು. ಇದನ್ನೇ ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಆದರೆ ಮೌನವಾಗಿರುವುದು ಬೇರೆ, ‘ನಾನೇ ಮಾಡಿದೆ’ ಎನ್ನುವುದು ಬೇರೆ. ಸ್ವಾಮಿ ಮೌನವಾಗಿದ್ದರೇ ಹೊರತು ತಮ್ಮ ಮೇಲಿನ ಅಪವಾದವನ್ನು ಒಪ್ಪಿಕೊಳ್ಳಲಿಲ್ಲ. ಅಷ್ಟೇ ಅಲ್ಲ. ಸಂತ ಯೊವಾನ್ನರ ಶುಭಸಂದೇಶದ 18ನೇ ಅಧ್ಯಾಯ ತೆರೆದು ನೋಡಿ. ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ ಅವರು, ನಾನು ಆಡಿದ್ದು ತಪ್ಪಾದರೆ ಅದನ್ನು ತೋರಿಸಿಕೊಡು, ಸರಿಯಾದರೆ ಏಕೆ ಹೊಡೆಯುತ್ತೀ ಎಂಬರ್ಥದ ಮಾತಾಡುತ್ತಾರೆ. ಪೆಟ್ಟನ್ನು ಸಹಿಸಿದರು, ಸುಳ್ಳನ್ನು ಸಹಿಸಲಿಲ್ಲ. ಕೋಪವಿಲ್ಲದೆ ಕಾರಣ ಕೇಳಿದರು.

ಹಾಗೆಯೇ ದಾನಿಯೇಲನ ಗ್ರಂಥದ 13ನೇ ಅಧ್ಯಾಯದ ಸುಸನ್ನಳನ್ನು ನೆನೆಯಿರಿ. ಅವಳ ಮೇಲೆ ಅಪವಾದ ಹೊರಿಸಿದವರು ಹಿರಿಯರು, ನ್ಯಾಯಾಧೀಶರು. ಸಭೆಯೆಲ್ಲ ನಂಬಿತು. ಊರಿನ ಸಮಾಧಾನಕ್ಕಾಗಿ ಒಪ್ಪಿಕೊಂಡುಬಿಡು ಎಂದು ಅವಳಿಗೆ ಯಾರಾದರೂ ಗುರುಗಳು ಬುದ್ಧಿ ಹೇಳಿದ್ದರೆ ಏನಾಗುತ್ತಿತ್ತು? ಅವಳು ದೇವರಿಗೆ ಮೊರೆಯಿಟ್ಟಳು. ದಾನಿಯೇಲನೆಂಬ ಯುವಕ ಎದ್ದುನಿಂತು, ಆ ಇಬ್ಬರನ್ನೂ ಬೇರೆಬೇರೆ ಕರೆದು, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದ. ಅವನು ಮಾಡಿದ್ದು ಇಷ್ಟೇ, ಪೆಟ್ಟಿಗೆ ತೆರೆದು ನೋಡಿದ್ದು.

ದೀನತೆಗಾಗಿ ಸುಳ್ಳು ಹೇಳಿದರೆ ತಪ್ಪೇನು ಎಂದು ನೀವು ಕೇಳಬಹುದು. ಸಂತ ಅಗುಸ್ತೀನರಿಗೆ ಈ ವಿಷಯದಲ್ಲಿ ಸಂದೇಹವಿರಲಿಲ್ಲ. ದೀನತೆಯ ಹೆಸರಿನಲ್ಲಿ ಸುಳ್ಳಾಡುವವನು ಮೊದಲು ಪಾಪಿಯಾಗಿರದಿದ್ದರೂ ಆ ಸುಳ್ಳಿನಿಂದ ಪಾಪಿಯಾಗುತ್ತಾನೆ ಎಂದು ಅವರು ಒಂದು ಪ್ರಬೋಧನೆಯಲ್ಲಿ ಹೇಳಿದ್ದಾರೆ. ಸಂತ ಥಾಮಸ್ ಅಕ್ವಿನಾಸರು ಆ ಮಾತನ್ನು ಎತ್ತಿಕೊಂಡು, ತನ್ನಲ್ಲಿ ಇಲ್ಲದ ಕೀಳುತನವನ್ನು ಇದೆಯೆಂದು ಹೇಳಿಕೊಳ್ಳುವುದೂ ಸತ್ಯಕ್ಕೆ ವಿರುದ್ಧವೇ ಎಂದು ತೀರ್ಮಾನಿಸುತ್ತಾರೆ. ಗುರುಮಠದಲ್ಲಿ ಇದನ್ನು ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. ಜಗಲಿಯಲ್ಲಿ ಕೂತು ಅಳುತ್ತಿದ್ದ ಹೆಣ್ಣುಮಗಳ ಮುಂದೆ ಅದು ನೆನಪಾಗಲಿಲ್ಲ.

ಅವಳ ಮೇಲೆ ಪಾಪದ ಭಾರ ಹೊರಿಸಲು ಇದನ್ನು ಹೇಳುತ್ತಿಲ್ಲ. ದುರ್ಬಲರು ಬಲವಂತಕ್ಕೆ ಸಿಕ್ಕಿ ಆಡಿದ ಮಾತಿನ ಹೊಣೆ ಬಲವಂತ ಮಾಡಿದವರದೇ ಹೆಚ್ಚು. ಆ ಸುಳ್ಳನ್ನು ಕಟ್ಟಿ ಕೈಗೆ ಕೊಟ್ಟವನು ನಾನು.

ಅಕ್ವಿನಾಸರಲ್ಲಿ ಇನ್ನೊಂದು ಮಾತಿದೆ, ಈ ಪೆಟ್ಟಿಗೆಯ ಮುಂದೆ ಕೂತಾಗಲೇ ಅದು ನನಗೆ ಸರಿಯಾಗಿ ಅರ್ಥವಾದದ್ದು. ಸುಮ್ಮಾ ಗ್ರಂಥದಲ್ಲಿ ತೀರ್ಪಿನ ಬಗ್ಗೆ ಬರೆಯುವಾಗ ಅವರು ವಸ್ತುಗಳ ಬಗ್ಗೆ ತೀರ್ಪು ಕೊಡುವುದನ್ನೂ ಮನುಷ್ಯರ ಬಗ್ಗೆ ತೀರ್ಪು ಕೊಡುವುದನ್ನೂ ಬೇರೆ ಮಾಡುತ್ತಾರೆ. ವಸ್ತುವಿನ ಬಗ್ಗೆ ನಾವು ತಪ್ಪು ತಿಳಿದರೆ ವಸ್ತುವಿಗೆ ನೋವಿಲ್ಲ. ಅಲ್ಲಿ ಇದ್ದದ್ದನ್ನು ಇದ್ದಹಾಗೆ ತಿಳಿಯುವುದೇ ಗುರಿ. ಮನುಷ್ಯರ ವಿಷಯ ಹಾಗಲ್ಲ. ಕೆಟ್ಟವನೆಂದು ಎಣಿಸಿದ ಮಾತ್ರಕ್ಕೇ ಅವನಿಗೆ ಅವಮಾನವಾಗಿರುತ್ತದೆ. ಆದ್ದರಿಂದ ಸ್ಪಷ್ಟ ಕಾರಣವಿಲ್ಲದಿದ್ದರೆ ಒಳ್ಳೆಯದನ್ನೇ ಎಣಿಸಬೇಕು, ಅದರಲ್ಲಿ ಹಲವು ಸಲ ಮೋಸಹೋದರೂ ಒಬ್ಬ ಒಳ್ಳೆಯವನನ್ನು ಕೆಟ್ಟವನೆಂದು ತಿಳಿಯುವುದಕ್ಕಿಂತ ಅದು ವಾಸಿ ಎನ್ನುತ್ತಾರೆ. 1992ರ ಶ್ರೀಸಭೆಯ ಧರ್ಮೋಪದೇಶವೂ ಸಾಕಷ್ಟು ಆಧಾರವಿಲ್ಲದೆ ನೆರೆಯವರ ತಪ್ಪನ್ನು ಮನಸ್ಸಿನಲ್ಲಿ ಒಪ್ಪಿಕೊಳ್ಳುವುದನ್ನೇ ದುಡುಕಿನ ತೀರ್ಪು ಎಂದು ಕರೆಯುತ್ತದೆ (2477). ಬಾಯಿಬಿಟ್ಟು ಹೇಳಬೇಕೆಂದೇನೂ ಇಲ್ಲ, ಒಳಗೊಳಗೇ ನಂಬಿದರೆ ಸಾಕು.

ನಾವು ಮಾಡಿದ್ದು ಇದರ ತಲೆಕೆಳಗು. ಪೆಟ್ಟಿಗೆಗೆ ಕೊಡಬೇಕಾಗಿದ್ದ ಪರೀಕ್ಷೆಯನ್ನು ಕೊಡಲಿಲ್ಲ, ಸೊಸೆಗೆ ಕೊಡಬಾರದ ತೀರ್ಪನ್ನು ಕೊಟ್ಟೆವು. ‘ಅವಳು ಮುಟ್ಟಿದಳು, ಅದು ನಿಂತಿತು’ ಎಂಬುದು ನಿಜವೇ. ಸರಿಸಿದ ಅಲುಗಾಟಕ್ಕೇ ಆ ಹುರಿ ಬಿಚ್ಚಿರಬೇಕು. ಆದರೆ ವರ್ಷಗಟ್ಟಲೆ ಕಿಲುಬು ಹಿಡಿದು ಒಂದು ಎಳೆಯ ಮೇಲೆ ನಿಂತಿದ್ದ ಗಂಟು ಅಂದು ಅವಳ ಕೈಯಲ್ಲಿ ಬಿಚ್ಚಿತು, ಇನ್ನೊಂದು ದಿನ ಗುಡುಗಿಗೆ ಬಿಚ್ಚಬಹುದಿತ್ತು. ತತ್ವಶಾಸ್ತ್ರದಲ್ಲಿ ನಿಮಿತ್ತ ಬೇರೆ, ತಪ್ಪು ಬೇರೆ. ಮನೆಯಲ್ಲಿ ಹಾಲಿನ ಪಾತ್ರೆ ಉರುಳಿದಾಗ ಇದು ನಮಗ್ಯಾರಿಗೂ ನೆನಪಿಗೆ ಬರುವುದಿಲ್ಲ, ಹತ್ತಿರ ನಿಂತಿದ್ದ ಮಗುವಿನ ಬೆನ್ನೇ ಸಿಗುತ್ತದೆ.

ಇನ್ನೊಂದು ಹಾನಿಯೂ ಇದೆ. ನನ್ನ ಸಲಹೆಯ ಅತಿ ಕೆಟ್ಟ ಫಲ ಅದೇ ಎಂದು ಈಗ ಅನಿಸುತ್ತದೆ. ತಪ್ಪೊಪ್ಪಿಗೆ ಆದ ದಿನದಿಂದ ಆ ಪೆಟ್ಟಿಗೆಯನ್ನು ತೆರೆಯಬೇಕೆಂದು ಯಾರಿಗೂ ಅನಿಸಲಿಲ್ಲ. ಏಕೆ ಅನಿಸಬೇಕು? ತಪ್ಪಿತಸ್ಥಳು ಸಿಕ್ಕಿದ್ದಾಳೆ, ಒಪ್ಪಿಕೊಂಡಿದ್ದಾಳೆ, ಕ್ಷಮೆಯೂ ಆಗಿದೆ. ಹತ್ತು ನಿಮಿಷದಲ್ಲಿ ಸರಿಹೋಗುವ ತಂತಿ ಮೂರು ವರ್ಷ ಅಟ್ಟದ ಮೇಲೆ ಮಲಗಿತು. ಭಾನುವಾರದ ಹಾಡೂ ನಿಂತಿತು, ಏಕೆಂದರೆ ಒಂದೇ ಪೆಟ್ಟಿಗೆಯಲ್ಲಿ ಕೇಳಲು ಅತ್ತೆಗೆ ಮನಸ್ಸಿರಲಿಲ್ಲ. ಸುಳ್ಳು ಕ್ಷಮೆಯಿಂದ ಸೊಸೆಗಷ್ಟೇ ನಷ್ಟವಾಯಿತೆಂದು ತಿಳಿಯಬೇಡಿ. (ಹಳೆಯದನ್ನು ಎಸೆಯುವ ಚಟದ ಬಗ್ಗೆ 2015ರಲ್ಲಿ ಪೋಪ್ ಫ್ರಾನ್ಸಿಸರು ‘ಲೌದಾತೊ ಸಿ’ ಪತ್ರದಲ್ಲಿ ಬರೆದದ್ದನ್ನೂ ಇಲ್ಲಿ ಹೇಳಬಹುದಿತ್ತು, ಅದು ಇನ್ನೊಂದು ವಾರಕ್ಕಿರಲಿ.)

ಹಾಗಾದರೆ ನಾನು ಅವಳಿಗೆ ಏನು ಹೇಳಬೇಕಾಗಿತ್ತು? ಜಗಳಕ್ಕೆ ನಿಲ್ಲು ಎಂದೇ? ಅಲ್ಲ. ಸಮಾಧಾನ ದೊಡ್ಡದು. ಹಿರಿಯ ಹೆಂಗಸಿನ ದುಃಖವೂ ನಿಜವಾದದ್ದು, ಆಕೆಗೆ ಅದು ಬರಿಯ ಸ್ಪೀಕರ್ ಆಗಿರಲಿಲ್ಲ. ಸೊಸೆ ಅತ್ತೆಯ ಬಳಿ ಹೋಗಿ, “ನಾನು ಬೀಳಿಸಲಿಲ್ಲಮ್ಮ, ಆದರೆ ನಾನು ಸರಿಸಿದ ದಿನವೇ ಹೀಗಾಯಿತಲ್ಲ ಎಂದು ನನಗೂ ಬೇಜಾರು. ಮಾವನ ವಸ್ತು ಅಂತ ನನಗೂ ಗೊತ್ತು” ಎನ್ನಬಹುದಿತ್ತು. ಇದರಲ್ಲಿ ಸುಳ್ಳಿಲ್ಲ, ಗರ್ವವೂ ಇಲ್ಲ. ಅತ್ತೆ ಆಗಲೂ ಒಪ್ಪದಿದ್ದರೆ ಸುಮ್ಮನಿದ್ದು ಸಹಿಸಬಹುದಿತ್ತು. ಹಾಗೆ ಸಹಿಸಿದ್ದರೆ ಅದು ನಿಜವಾದ ಸಹನೆ. ಅದಕ್ಕೂ ಮೊದಲು ಗುರುವಾದ ನಾನು ಅತ್ತೆಯ ಬಳಿ ಹೋಗಿ, ನೀವು ಕಂಡಿದ್ದೀರಾ ಎಂದು ಕೇಳಬೇಕಿತ್ತು. ಮಣಿಯುವವರು ಯಾರೋ ಅವರಿಗೇ ಬುದ್ಧಿ ಹೇಳುವುದು ನಮ್ಮಂಥವರಿಗೆ ಸುಲಭ. ಜಗಲಿಗೆ ಬಂದವರು ಅವರೇ ಆಗಿರುತ್ತಾರೆ.

ಕರೆಂಟು ಬಂತು. ಕಿಲುಬನ್ನು ಕೆರೆದು, ಹಳೆಯ ತುಂಡು ತೆಗೆದು, ಹೊಸ ತಂತಿಯನ್ನು ತಿರುಪಿಗೆ ಬೆಸೆದೆ. ಈ ಕೆಲಸದಲ್ಲಿ ಒಂದು ಜಾಗ್ರತೆ ಬೇಕು. ಕಡ್ಡಿಯಿಂದ ತಾಮ್ರವನ್ನೇ ಕಾಯಿಸಬೇಕು, ಕರಗಿದ ಸಾಲ್ಡರ್ ಆರುವ ತನಕ ತಂತಿಯನ್ನು ಅಲುಗಿಸಬಾರದು. ಆರುವ ಮೊದಲು ಅಲುಗಿದರೆ ಮೇಲೆ ಹಿಡಿದಂತೆ ಕಾಣುತ್ತದೆ, ಮಂಕು ಬೂದು ಬಣ್ಣ ಬರುತ್ತದೆ, ಒಂದು ವರ್ಷದಲ್ಲಿ ಮತ್ತೆ ಬಿಡುತ್ತದೆ. ಆ ಮನೆಯಲ್ಲಿ ಅಂದು ನನಗೆ ಮಾತು ಬೆಳೆಸುವ ಆಸೆ ಬಹಳವಿತ್ತು. ‘ಈಗ ಇಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಿಬಿಡಿ’ ಎಂದು ನಾಲಿಗೆಯ ತುದಿಗೆ ಬಂದಿತ್ತು. ತಡೆದೆ. ನನ್ನ ಪಾಲಿನದನ್ನು ಮಾತ್ರ ಹೇಳಿದೆ. ಅತ್ತೆಯ ಎದುರಿಗೇ ಸೊಸೆಗೆ, “ಕೇಳದೆ ನಿನ್ನ ಮೇಲೆ ತಪ್ಪು ಹೊರಿಸಿದೆ, ಅದೂ ದೇವರ ಹೆಸರಿನಲ್ಲಿ. ನನ್ನನ್ನು ಕ್ಷಮಿಸಮ್ಮ” ಎಂದೆ. ಅವಳು ತಲೆಯಾಡಿಸಿದಳು. ಹೌದೆಂದೋ, ಪರವಾಗಿಲ್ಲವೆಂದೋ ತಿಳಿಯಲಿಲ್ಲ.

ಹಲಗೆ ಮುಚ್ಚಿ ಎರಡೂ ಪೆಟ್ಟಿಗೆಗಳನ್ನು ಜೋಡಿಸಿ ರೆಕಾರ್ಡು ಹಾಕಿದೆವು. ಎಡಗಡೆ ಹಾಡಿತು, ಬಲಗಡೆಯೂ ಹಾಡಿತು. ಮಗ ಕೈತಟ್ಟಿದ. ಅತ್ತೆ ಮಾತ್ರ ಕಿವಿಗೊಟ್ಟು ಕೇಳಿ, “ಹೀಗಿರಲಿಲ್ಲ, ಟೊಳ್ಳಾಗಿ ಕೇಳುತ್ತದೆ” ಎಂದರು. ಅವರೇ ಸರಿ. ಎರಡು ತಂತಿಗಳೂ ಹಳೆಯದಾಗಿ ಒಂದೇ ಬಣ್ಣವಾಗಿದ್ದರಿಂದ ನಾನು ಅದಲು ಬದಲು ಬೆಸೆದಿದ್ದೆ. ಹಾಗಾದಾಗ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿಯುತ್ತದೆ. ಒಂದೊಂದಾಗಿ ಕೇಳಿದರೆ ಯಾವ ದೋಷವೂ ಇಲ್ಲ, ಜೊತೆಯಾಗಿ ಹಾಡಿದರೆ ಗಂಭೀರ ಸ್ವರಗಳು ಒಂದನ್ನೊಂದು ನುಂಗಿಹಾಕುತ್ತವೆ. ಮತ್ತೆ ಎಂಟು ಸ್ಕ್ರೂ ಬಿಚ್ಚಿ, ಸೆಲ್ಲಿನಿಂದ ಎರಡೂ ಪೆಟ್ಟಿಗೆಗಳ ಕೋನ್ ಒಂದೇ ದಿಕ್ಕಿಗೆ ಚಲಿಸುವುದನ್ನು ನೋಡಿಕೊಂಡು ಬದಲಿಸಿದೆ. ಆಗ ಅತ್ತೆ, “ಹಾಂ, ಇದು” ಎಂದು ಕಣ್ಣು ಮುಚ್ಚಿದರು.

ಸತ್ಯಕ್ಕೆ ಮತ್ತು ಮಾನಕ್ಕೆ ಆದ ಹಾನಿಯನ್ನು, ಕ್ಷಮೆ ಸಿಕ್ಕಿದ್ದರೂ, ತುಂಬಿಕೊಡುವ ಹೊಣೆ ಉಳಿಯುತ್ತದೆ ಎಂದು ಧರ್ಮೋಪದೇಶ ಹೇಳುತ್ತದೆ (2487). ಪಾಸ್ಖ ಹಬ್ಬದಂದು ಆ ಪಡಸಾಲೆಯಲ್ಲಿ ಹನ್ನೆರಡು ಹದಿಮೂರು ನೆಂಟರಿದ್ದರಂತೆ. ಅವರಲ್ಲಿ ಎಷ್ಟು ಜನರಿಗೆ ಪ್ಲಾಸ್ಟರಿನ ಸಂಗತಿ ತಲುಪಿದೆಯೋ ನನಗೆ ತಿಳಿಯದು. ಇದನ್ನು ಬರೆಯಿರಿ ಎಂದು ಮೊದಲು ಹೇಳಿದವರು ಅತ್ತೆಯೇ, ಸೊಸೆಯಲ್ಲ.

ಕಳೆದ ತಿಂಗಳು ಅಲ್ಲಿಗೆ ಹೋಗಿದ್ದೆ. ಸ್ಪೀಕರ್ ಚೆನ್ನಾಗಿ ಹಾಡುತ್ತಿದೆ. ಸೊಸೆ ಪಡಸಾಲೆಯನ್ನೆಲ್ಲ ಒರೆಸುತ್ತಾಳೆ, ಆ ಎರಡು ಪೆಟ್ಟಿಗೆಗಳನ್ನು ಮಾತ್ರ ಇಂದಿಗೂ ಮುಟ್ಟುವುದಿಲ್ಲ. ಅವುಗಳ ಧೂಳನ್ನು ಅತ್ತೆಯೇ, ಮಂಡಿನೋವಿದ್ದರೂ ಬಗ್ಗಿ, ಒರೆಸುತ್ತಾರೆ.